ಜನವರಿ 26 ರಾಯಣ್ಣನ ಜಯಂತಿ ಅಲ್ಲ, ದಯವಿಟ್ಟು ತಿದ್ದಿ

ಕ್ಯಾಲೆಂಡರ್ ಆ್ಯಪ್ ಟೀಮ್‌ನವರಿಗೆ ನಮಸ್ಕಾರ,

ನಿಮ್ಮ ಆ್ಯಪ್‌ನ ಮೂರು ವರ್ಷದಿಂದ ದುಡ್ಡು ಕಟ್ಟಿ ಯೂಸ್ ಮಾಡ್ತಿದೀನಿ, ದಿನಾ ಬೆಳಗ್ಗೆ ಬರೋ 'ಈ ದಿನದ ವಿಶೇಷ'ನ ನನ್ನ ಮಗಳು ಜೋರಾಗಿ ಓದ್ತಾಳೆ, ಮನೆಯವರೆಲ್ಲ ಚಹಾ ಕುಡೀತಾ ಕೇಳ್ತೀವಿ. ನಂಬಿದ್ದಕ್ಕೇ ಇಷ್ಟು ಬೇಜಾರಾಗಿರೋದು.

ಈ ಸಲ ಜನವರಿ 26ಕ್ಕೆ 'ಸಂಗೊಳ್ಳಿ ರಾಯಣ್ಣ ಜಯಂತಿ, ಹಾರ್ದಿಕ ಶುಭಾಶಯಗಳು' ಅಂತ ಹಾಕಿದ್ರಿ. ಅಲ್ರಿ, ಅದು ರಾಯಣ್ಣನ್ನ ಬ್ರಿಟಿಷರು ಗಲ್ಲಿಗೇರಿಸಿದ ದಿನ! 1831ರಲ್ಲಿ, ಖಾನಾಪುರ ತಾಲೂಕಿನ ನಂದಗಡದಲ್ಲಿ. ಹುಟ್ಟಿದ್ದು 1798ರ ಆಗಸ್ಟ್ 15. ನಮ್ಮ ಬೆಳಗಾವಿ ಕಡೆ ಸಣ್ಣ ಹುಡುಗರೂ ಹೇಳ್ತಾರೆ, ಹುಟ್ಟಿದ್ದು ಸ್ವಾತಂತ್ರ್ಯ ದಿನ ಪ್ರಾಣ ಕೊಟ್ಟಿದ್ದು ಗಣರಾಜ್ಯೋತ್ಸವದ ದಿನ ಅಂತ. 1824ರ ಕಿತ್ತೂರು ಯುದ್ಧ ಆದ್ಮೇಲೆ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ರೂ ಈ ಮನುಷ್ಯ ಸುಮ್ನೆ ಕೂರದೆ ರೈತರನ್ನ ಸೇರಿಸ್ಕೊಂಡು ಗೆರಿಲ್ಲಾ ಯುದ್ಧ ಮಾಡಿದ, ಕೊನೆಗೆ ನಮ್ಮವರೇ ಹಿಡಿದುಕೊಟ್ರು. ನಂದಗಡದಲ್ಲಿ ಸಮಾಧಿ ಹತ್ರ ದೊಡ್ಡ ಆಲದಮರ ಇದೆ, ನಮ್ಮವ್ವ ಅಲ್ಲಿಗೆ ಹೋದ್ರೆ ದೂರದಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೀತಾಳೆ. ಅಂಥ ದಿನಕ್ಕೆ ಶುಭಾಶಯನಾ?

ಮಗಳು ನಿಮ್ಮದನ್ನೇ ನೋಡಿ ಸ್ಕೂಲ್ ಚಾರ್ಟ್ ಮೇಲೆ ದೊಡ್ಡಕ್ಷರದಲ್ಲಿ ಬರ್ಕೊಂಡು ಹೋಗಿದ್ಲು. ಅವರ ಟೀಚರ್ ಬೈಲಿಲ್ಲ, ಕಪ್ಪು ಸ್ಕೆಚ್ ಪೆನ್ ತಗೊಂಡು 'ಜಯಂತಿ' ಹೊಡೆದು 'ಹುತಾತ್ಮ ದಿನ' ಅಂತ ಬರೆದ್ರಂತೆ. ಮನೆಗೆ ಬಂದು ಚಾರ್ಟ್ ಸುತ್ತಿ ಮಂಚದ ಕೆಳಗೆ ತಳ್ಳಿದ್ಲು, ಊಟಾನೂ ಬೇಡ ಅಂದ್ಲು.

ಅದೇ ಪುಟದಲ್ಲಿ ಇನ್ನೊಂದು ತಪ್ಪು. 2015ರ ಜನವರಿ 26ಕ್ಕೆ ಪುಣೆಯಲ್ಲಿ ತೀರಿಕೊಂಡ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರನ್ನ 'ಮಾಲ್ಗುಡಿ ಕಥೆಗಳ ಲೇಖಕ' ಅಂದಿದ್ದೀರಿ. ಕಥೆ ಬರೆದಿದ್ದು ಅವರ ಅಣ್ಣ ನಾರಾಯಣ್, ಲಕ್ಷ್ಮಣ್ ಅಂದ್ರೆ ಚೌಕಳಿ ಕೋಟು ಹಾಕಿದ ಶ್ರೀಸಾಮಾನ್ಯನ್ನ ಬರೆದ ವ್ಯಂಗ್ಯಚಿತ್ರಕಾರರು. 2001ರ ಭುಜ್ ಭೂಕಂಪದ ವಿಷಯ ಸರಿಯಾಗಿದೆ, 1950ರಲ್ಲಿ ಸಂವಿಧಾನ ಜಾರಿಗೆ ಬಂದಿದ್ದೂ ಇದೆ, ಆದ್ರೆ ಆ ದಿನಾನೇ ಯಾಕೆ ಆರಿಸಿದ್ರು ಅನ್ನೋಕೆ ಕಾರಣ ಆದ 1930ರ ಪೂರ್ಣ ಸ್ವರಾಜ್ಯ ದಿನದ ಬಗ್ಗೆ ಒಂದು ಸಾಲೂ ಇಲ್ಲ.

ಅವತ್ತೇ ಸ್ಕ್ರೀನ್‌ಶಾಟ್ ಕಳ್ಸಿದ್ದೆ, 'ನಿಮ್ಮ ಅನಿಸಿಕೆಗೆ ಧನ್ಯವಾದ' ಅಂತ ಆಟೋಮ್ಯಾಟಿಕ್ ಮೆಸೇಜ್ ಬಂತು ಅಷ್ಟೇ. ಎರಡನೇ ಸಲ ಬರೆದ್ರೆ ಆ್ಯಪ್ ಅಪ್‌ಡೇಟ್ ಮಾಡಿ ಅಂದ್ರು, ಮಾಡಿದೆ, ತಪ್ಪು ಹಂಗೇ ಇದೆ.

ನನಗೆ ರೀಫಂಡ್ ಬೇಡ. ಎರಡೂ ತಪ್ಪು ತಿದ್ದಿ, ತಿದ್ದಿದ್ದೀವಿ ಅಂತ ಎಲ್ಲರಿಗೂ ಒಂದು ನೋಟಿಫಿಕೇಶನ್ ಕಳ್ಸಿ, ಯಾಕಂದ್ರೆ ನನ್ನ ಮಗಳ ಹಾಗೆ ಇನ್ನೆಷ್ಟು ಮಕ್ಕಳು ಬರ್ಕೊಂಡಿದಾರೋ. ಈಗಷ್ಟೇ ಆಗಸ್ಟ್ 15ರ ಪುಟ ತೆಗೆದು ನೋಡಿದೆ, ಅಲ್ಲಿ 'ರಾಯಣ್ಣ ಪುಣ್ಯತಿಥಿ' ಅಂತಿದೆ. ಆ ದಿನ ಬರೋದ್ರೊಳಗೆ ಅದನ್ನೂ ಸರಿ ಮಾಡಿ.

ಇಂತಿ,
ನಿಮ್ಮ ಚಂದಾದಾರ, ಬೆಳಗಾವಿ ಜಿಲ್ಲೆ