ಕಂಬಳಿ ಹೆಗಲಿಗೆ, ತಲೆಗಲ್ಲ

ಮಾನ್ಯರೇ,

ಕಂಬಳಿ, ಇಟ್ಟಿಗೆ, ಕುರ್ಚಿಯಂಥ ಸಲಕರಣೆ ಬಳಸಿ ಮಾಡುವ ಯೋಗಚಿಕಿತ್ಸೆ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಜೊತೆಗಿದ್ದ, ಹೆಗಲ ಮೇಲೆ ಭಾರ ಹೊತ್ತು ದೇಹವನ್ನು ನೆಟ್ಟಗೆ ಮೇಲೆತ್ತುವ ಸರ್ವಾಂಗಾಸನದ ಚಿತ್ರ ಮಾತ್ರ ಅಪಾಯಕಾರಿ. ಕಂಬಳಿ ಹಾಸಿದ್ದಾರೆ, ನಿಜ. ಆದರೆ ತಲೆ, ಹೆಗಲು ಎರಡೂ ಅದರ ಮೇಲೇ ಇವೆ. ಹಾಗೆ ಹಾಸಿದರೆ ಅದು ಬರೀ ದಪ್ಪ ಚಾಪೆ.

ಇಲ್ಲಿ ಕಂಬಳಿ ಇರುವುದು ಮೆತ್ತಗಿರಲಿ ಎಂದಲ್ಲ, ಹೆಗಲು ತಲೆಗಿಂತ ಎತ್ತರದಲ್ಲಿರಲಿ ಎಂದು. ಬರಿನೆಲದಲ್ಲಿ ದೇಹ ನೆಟ್ಟಗೆ ನಿಲ್ಲಬೇಕಾದರೆ ಕುತ್ತಿಗೆ ಹೆಚ್ಚುಕಡಿಮೆ 90 ಡಿಗ್ರಿ ಮಡಚಬೇಕು. ಬಹಳಷ್ಟು ಜನರ ಕುತ್ತಿಗೆ ಅಷ್ಟು ಬಾಗುವುದಿಲ್ಲ. ಆಗ ಬೆನ್ನು ಗೂನಾಗುತ್ತದೆ, ಇಲ್ಲವೇ ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಉಬ್ಬು ಮೂಳೆ ನೆಲಕ್ಕೆ ಒತ್ತಿ ದೇಹದ ಭಾರವೆಲ್ಲ ಅಲ್ಲಿ ಕೂರುತ್ತದೆ.

ಗಟ್ಟಿ ನೇಯ್ಗೆಯ ಮೂರ್ನಾಲ್ಕು ಕಂಬಳಿ ಬೇಕು. ರಜಾಯಿ, ಫೋಮ್, ದಿಂಬು ಬೇಡ. ಭಾರ ಬಿದ್ದೊಡನೆ ಕುಸಿದು ಎತ್ತರವೇ ಉಳಿಯುವುದಿಲ್ಲ. ಪ್ರತಿ ಕಂಬಳಿಯನ್ನೂ ಆಯತಾಕಾರಕ್ಕೆ ಮಡಚಿ, ಮಡಿಕೆಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಪೇರಿಸಿ. ಆ ಅಂಚು ಹೆಗಲ ಕಡೆಗಿರಲಿ, ಬಿಡಿ ತುದಿಗಳು ಬೆನ್ನಿನ ಕಡೆಗೆ. ಮಲಗಿದಾಗ ಹೆಗಲ ಮೇಲ್ತುದಿ ಅಂಚಿನಿಂದ ಎರಡು ಬೆರಳು ಒಳಗಿರಬೇಕು, ಏಕೆಂದರೆ ಮೇಲೇಳುವಾಗ ಹೆಗಲು ಅಂಚಿನತ್ತ ಜಾರುತ್ತದೆ. ತಲೆ ನೆಲದ ಮೇಲೆ. ಕುತ್ತಿಗೆಯ ಹಿಂಭಾಗ ಏನನ್ನೂ ಒತ್ತಬಾರದು. ಮೊಣಕೈ ಅಗಲಕ್ಕೆ ಸರಿದರೆ ಎದೆ ಕುಸಿಯುತ್ತದೆ, ಆದ್ದರಿಂದ ಹೆಗಲಿನಷ್ಟೇ ಅಗಲಕ್ಕೆ ಬಿಗಿದ ಬೆಲ್ಟ್ ಮೊಣಕೈಗಿಂತ ತುಸು ಮೇಲಿರಲಿ. ಮೊದಮೊದಲು ಒಂದೆರಡು ನಿಮಿಷ ಸಾಕು. ಗಂಟಲು ಬಿಗಿದರೆ, ಕಣ್ಣು ಕಿವಿಗಳಲ್ಲಿ ಒತ್ತಡವೆನಿಸಿದರೆ, ಬೆರಳು ಜೋಮು ಹಿಡಿದರೆ ಇಳಿದುಬಿಡಿ. ಮೇಲಿರುವಾಗ ತಲೆ ತಿರುಗಿಸಿ ಗಡಿಯಾರ ನೋಡುವ ಚಟವಂತೂ ಬೇಡವೇ ಬೇಡ.

ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಅಥವಾ ರೆಟಿನಾ (ಕಣ್ಣಿನ ಹಿಂಪರದೆ) ತೊಂದರೆ ಇರುವವರು, ಕುತ್ತಿಗೆಯ ಡಿಸ್ಕ್ ನೋವಿನವರು ಕಂಬಳಿ ಎಷ್ಟೇ ಇದ್ದರೂ ಈ ಆಸನಕ್ಕೆ ಹೋಗಬಾರದು. ಬರಹದಲ್ಲಿ ಈ ಮಾತೇ ಇರಲಿಲ್ಲ.

ಯೋಗದ ಇಟ್ಟಿಗೆಯ (ಮರದ ಇಲ್ಲವೇ ಫೋಮಿನ ಗಟ್ಟಿ ತುಂಡು) ಬಗ್ಗೆಯೂ ಒಂದು ಮಾತು. ಅಂಗಾತ ಮಲಗಿ ಸೊಂಟ ಮೇಲೆತ್ತುವ ಸೇತುಬಂಧಾಸನದಲ್ಲಿ ಅದನ್ನು 'ಸೊಂಟದ ಕೆಳಗೆ' ಇಡಿ ಎಂದು ಬರೆದಿದ್ದೀರಿ. ಓದಿದವರು ಸೊಂಟದ ಕುಳಿಗೇ ಇಡುತ್ತಾರೆ. ನಡು ಇನ್ನಷ್ಟು ಹಿಂದಕ್ಕೆ ಬಾಗಿ ಇಲ್ಲದ ನೋವು ಬರುತ್ತದೆ. ಇಡಬೇಕಾದ್ದು ಅದಕ್ಕೂ ಕೆಳಗೆ, ಪೃಷ್ಠಗಳ ನಡುವಿನತ್ತ ಇಳಿಯುವ ಚಪ್ಪಟೆ ತ್ರಿಕೋನ ಮೂಳೆಯ ಅಡಿಗೆ. ಮೊದಲು ಇಟ್ಟಿಗೆಯ ಅತಿ ಕಡಿಮೆ ಎತ್ತರ.

'ಸಲಕರಣೆ ವಯಸ್ಸಾದವರಿಗೆ, ಕೈಲಾಗದವರಿಗೆ' ಎಂಬ ಚಿತ್ರದಡಿಯ ಸಾಲನ್ನೂ ಒಪ್ಪಲಾಗದು. ಈ ಪದ್ಧತಿಯನ್ನು ರೂಪಿಸಿದ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಕೈಚಾಚಿದರೆ ನೆಲ ಸಿಗದವರಿಗೆ ಇಟ್ಟಿಗೆ ಕೊಟ್ಟಿದ್ದು ನಿಜ. ಆದರೆ ಪಳಗಿದವರೂ ಕುರ್ಚಿ, ಹಗ್ಗ, ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು) ಬಳಸುವುದು ಒಂದೇ ಆಸನದಲ್ಲಿ ಹೆಚ್ಚು ಹೊತ್ತು, ಭಂಗಿ ಕೆಡದಂತೆ ನಿಲ್ಲಲಿಕ್ಕೆ.

ತಿದ್ದುಪಡಿಯ ಚಿತ್ರ ಹಾಕುವುದಾದರೆ ದಯವಿಟ್ಟು ಪಕ್ಕದಿಂದ ತೆಗೆಸಿ. ಕಂಬಳಿಯ ಅಂಚು ಎಲ್ಲಿ ಮುಗಿಯುತ್ತದೆ, ಕುತ್ತಿಗೆಯಡಿ ಎಷ್ಟು ಜಾಗ ಉಳಿದಿದೆ ಎಂಬುದು ಎದುರಿನಿಂದ ಕಾಣುವುದಿಲ್ಲ.

– ಒಬ್ಬ ಯೋಗ ಶಿಕ್ಷಕಿ