ಕಾರು ಗುದ್ದಿ ಹಾಳಾದ ಸೈಕಲ್ಲಿಗೆ ಸರಿಯಾದ ಪರಿಹಾರ ಕೊಡದಿರುವ ಬಗ್ಗೆ ವಿಮಾ ಕಂಪನಿಗೆ ದೂರು

ಸುಂಟಿಕೊಪ್ಪ, ಕೊಡಗು
7 ಏಪ್ರಿಲ್ 2025

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಕಾರಿನ ವಿಮಾ ಕಂಪನಿ

ಮಾನ್ಯರೇ,

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಕೆಲಸದವರ ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ಎಲ್ಲ ನನ್ನ ಪುಸ್ತಕದಲ್ಲೇ ಬರಬೇಕು. ಮನೆಯಿಂದ ತೋಟಕ್ಕೆ 5 ಕಿಲೋಮೀಟರ್. ಬೆಳಿಗ್ಗೆ ಆ ಕಡೆಗೆ ಬಸ್ಸಿಲ್ಲ. ಅದಕ್ಕೇ 2023ರ ಆಗಸ್ಟ್‌ನಲ್ಲಿ, ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಸ್ವಲ್ಪ ಮುಂಚೆ, ಮೈಸೂರಿಗೆ ಹೋಗಿ 16,400 ರೂಪಾಯಿ ಕೊಟ್ಟು ಗೇರಿನ ಸೈಕಲ್ ತಂದೆ. ನಮ್ಮ ಏರು ದಾರಿಗೆ ಗೇರಿಲ್ಲದ ಸೈಕಲ್ ಆಗುವುದಿಲ್ಲ.

ಈ ವರ್ಷ ಜನವರಿ 18ರ ಶನಿವಾರ ಬೆಳಿಗ್ಗೆ ಸುಮಾರು 6.45ಕ್ಕೆ ನಾನು ಕೆಲಸಕ್ಕೆ ಹೊರಟಿದ್ದೆ. ಮಂಜಿತ್ತು. ಮುಂದಿನ ಲೈಟ್ ಹಾಕಿದ್ದೆ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟಿದ್ದೆ, ತಲೆಗೆ ಹೆಲ್ಮೆಟ್ ಇತ್ತು. ರಸ್ತೆಯ ಎಡ ಅಂಚಿನಲ್ಲೇ ಇದ್ದೆ. ಎದುರಿನಿಂದ ಬಂದ ಕಾರು, ಇಂಡಿಕೇಟರ್ ಹಾಕದೆ, ಒಂದು ಹೋಮ್‌ಸ್ಟೇ ಗೇಟಿನ ಕಡೆಗೆ ಒಮ್ಮೆಲೇ ಬಲಕ್ಕೆ ತಿರುಗಿತು. ಅದರ ಬಂಪರ್ ನನ್ನ ಮುಂದಿನ ಚಕ್ರಕ್ಕೆ ಗುದ್ದಿತು. ನಾನು ಬೇಲಿಯ ಪಕ್ಕಕ್ಕೆ ಬಿದ್ದೆ. ಮಂಡಿ ತರಚಿತು, ಹೆಲ್ಮೆಟ್ ಬಿರುಕು ಬಿಟ್ಟಿತು. ದೊಡ್ಡ ಪೆಟ್ಟಾಗಲಿಲ್ಲ, ಅದು ದೇವರ ದಯೆ.

ಕಾರಿನವರ ಬಗ್ಗೆ ನನಗೆ ದೂರಿಲ್ಲ. ಅವರೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಠಾಣೆಗೆ ಬರೆದು ಕೊಟ್ಟಾಗ ಜೊತೆಗೆ ನಿಂತರು. ಅದೇ ದಿನ ನಿಮ್ಮ ಕಂಪನಿಗೆ ಫೋನ್ ಮಾಡಿ ವಿಷಯ ತಿಳಿಸಿದರು. 2,000 ರೂಪಾಯಿ ಕೈಗೆ ಕೊಡಲು ಬಂದಾಗ ನಾನು ಬೇಡ ಅಂದೆ. ಆಗ ಅವರು, "ಸರಿ ಹಾಗಾದ್ರೆ, ಇನ್ಶೂರೆನ್ಸ್ ಇದೆಯಲ್ಲ, ಅವರು ಸರಿಯಾಗಿ ಕೊಡ್ತಾರೆ" ಅಂದರು. ಆ ಮಾತನ್ನು ನಂಬಿ ಜನವರಿ 22ರಂದು ನಿಮಗೆ ಬರೆದೆ.

ಮೊದಲು ನಿಮ್ಮ ಕಚೇರಿಯಿಂದ ಬಂದ ಪ್ರಶ್ನೆ: "ನಿಮ್ಮ ಸೈಕಲ್ಲಿಗೆ ಇನ್ಶೂರೆನ್ಸ್ ಇದೆಯಾ? ಆರ್‌ಸಿ ಕಾಪಿ ಕಳಿಸಿ." ಸೈಕಲ್ಲಿಗೆ ಆರ್‌ಸಿ, ಅಂದರೆ ವಾಹನದ ನೋಂದಣಿ ಪತ್ರ, ಇರುವುದಿಲ್ಲ ಅಂತ ಹೇಳಿದೆ. ಮತ್ತೆ ಕೇಳಿದರು. ಮೂರನೇ ಸಲ, ಆರ್‌ಸಿ ಇಲ್ಲದಿದ್ದರೆ ಫೈಲ್ ಮುಂದೆ ಹೋಗಲ್ಲ ಅಂದರು. ಕೇಳಿದವರ ತಪ್ಪಲ್ಲ, ಅವರ ಮುಂದಿನ ಫಾರಂನಲ್ಲಿ ಆ ಕಾಲಂ ಖಾಲಿ ಬಿಡಲು ಆಗದು ಅನ್ನಿಸುತ್ತದೆ. ಆದರೆ ಸೈಕಲ್ ತುಳಿಯುವವರು ನಿಮ್ಮ ಫಾರಂ ಒಳಗೆ ಬರಲೇ ಇಲ್ಲ ಅಂದರೆ ಅದನ್ನು ನೀವು ಸರಿ ಮಾಡಬೇಕು ಅಲ್ವಾ? 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ, ಅಂದರೆ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ವಿಮೆ, ಮಾಡಿಸಬೇಕಾದವರು ಕಾರಿನವರು. 147ನೇ ಸೆಕ್ಷನ್ ಪ್ರಕಾರ ಆ ವಿಮೆಯಲ್ಲಿ ಬೇರೆಯವರ ಆಸ್ತಿಗೆ ಆದ ನಷ್ಟವೂ ಸೇರಬೇಕು. ಆ ಆಸ್ತಿಗೆ ಎಂಜಿನ್ ಇರಬೇಕು ಅಂತ ಎಲ್ಲೂ ಬರೆದಿಲ್ಲ. ಕಾರು ಗುದ್ದಿ ಒಬ್ಬರ ಕಾಂಪೌಂಡ್ ಬಿದ್ದರೆ ಆ ಗೋಡೆಗೆ ಆರ್‌ಸಿ ಕೇಳುತ್ತೀರಾ? ನನ್ನ ಸೈಕಲ್ ನನ್ನ ಆಸ್ತಿ. ಕಾರಿನವರು ತೋರಿಸಿದ ಪಾಲಿಸಿಯಲ್ಲಿ ಥರ್ಡ್ ಪಾರ್ಟಿ ಆಸ್ತಿ ನಷ್ಟಕ್ಕೆ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ ಅಂತ ಸ್ಪಷ್ಟವಾಗಿದೆ.

ಆಮೇಲೆ ಫೆಬ್ರವರಿಯಲ್ಲಿ ನಷ್ಟ ಅಂದಾಜು ಮಾಡುವ ಸರ್ವೇಯರ್ ಅಂತ ಒಬ್ಬರು ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಫೋಟೋ ಕೇಳಿದರು. ಕಳಿಸಿದೆ. ಅವರು ಬರಲಿಲ್ಲ. ಮಾರ್ಚ್ 11ರಂದು ನಿಮ್ಮ ಪತ್ರ ಬಂತು. 2,950 ರೂಪಾಯಿ ಕೊಡುತ್ತೇವೆ, ಒಪ್ಪಿ ಸಹಿ ಹಾಕಿ ಅಂತ.

ನಾನು ದಿನಾ ಲೆಕ್ಕ ಬರೆಯುವವನು. ಈ 2,950 ಎಲ್ಲಿಂದ ಬಂತು ಅಂತ ಕೂತು ನೋಡಿದೆ. ಮೈಸೂರಿನ ಅಂಗಡಿಯವರು ಕೊಟ್ಟ ಎಸ್ಟಿಮೇಟ್ 12,400 ರೂಪಾಯಿ. ಫ್ರೇಮ್ 6,500, ಮುಂದಿನ ಚಕ್ರ ಹಿಡಿಯುವ ಫೋರ್ಕ್ 1,900, ಮುಂದಿನ ಚಕ್ರ 1,600, ಹ್ಯಾಂಡಲ್ ಜೊತೆಗೆ ಬ್ರೇಕ್ ಮತ್ತು ಗೇರಿನ ಲಿವರ್ 1,500, ಕೂಲಿ 900. ನೀವು ಫ್ರೇಮ್ "ರಿಪೇರಿ ಮಾಡಬಹುದು" ಅಂತ ಪೂರ್ತಿ ತೆಗೆದಿದ್ದೀರಿ. ಉಳಿದ 5,900ರಲ್ಲಿ ಸವಕಳಿ, ಅಂದರೆ ಹಳೆಯದಾದ್ದಕ್ಕೆ ಬೆಲೆ ಇಳಿಕೆ, ಅಂತ ಅರ್ಧ ಕಳೆದಿದ್ದೀರಿ. ಕೂಲಿಯಲ್ಲೂ ಅರ್ಧ! ಕೂಲಿ ಹಳೆಯದಾಗುವುದು ಹೇಗೆ?

ಫ್ರೇಮಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ದುಡ್ಡಿಗಿಂತ ಜಾಸ್ತಿ ಭಯ ಇರುವುದು ಅದರ ಬಗ್ಗೆಯೇ. ಗುದ್ದಿದ ಪೆಟ್ಟಿಗೆ ಫೋರ್ಕ್ ಹಿಂದಕ್ಕೆ ಬಾಗಿದೆ. ಅದರ ಹಿಂದೆ, ಹ್ಯಾಂಡಲ್ ಕೆಳಗಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆಯ ಅಡಿಭಾಗದಲ್ಲಿ ಒಂದು ಸುಕ್ಕು ಬಿದ್ದಿದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದಿಲ್ಲ. ಬೆರಳು ಆಡಿಸಿದರೆ ತಕ್ಷಣ ಗೊತ್ತಾಗುತ್ತದೆ. ಕುಶಾಲನಗರದಲ್ಲಿ ಬಹಳ ವರ್ಷದಿಂದ ಸೈಕಲ್ ರಿಪೇರಿ ಮಾಡುವವರಿಗೆ ತೋರಿಸಿದೆ. ಅವರು ಒಂದೇ ಮಾತು ಹೇಳಿದರು: "ಹಳೇ ಕಬ್ಬಿಣದ ಸೈಕಲ್ ಆಗಿದ್ರೆ ನೇರ ಮಾಡಿ ಕೊಡ್ತಿದ್ದೆ. ಇದು ಅಲ್ಯೂಮಿನಿಯಂ. ಬಗ್ಗಿದ್ದನ್ನ ಮತ್ತೆ ಬಗ್ಗಿಸಿದ್ರೆ ಒಳಗೇ ಬಿರುಕು ಬಿಡ್ತದೆ. ನಾನು ಮುಟ್ಟಲ್ಲ." ನಮ್ಮ ಊರಿನ ಇಳಿಜಾರು ನೀವು ನೋಡಿರಬಹುದು. ಮಳೆಗಾಲದಲ್ಲಿ ಬ್ರೇಕ್ ಹಿಡಿದು ಇಳಿಯುವಾಗ ಪೂರ್ತಿ ಭಾರ ಮುಂದಕ್ಕೆ ಬೀಳುತ್ತದೆ. ಆ ಸುಕ್ಕು ಇರುವ ಜಾಗದಲ್ಲೇ ಕೊಳವೆ ತುಂಡಾದರೆ ನಾನು ಉಳಿಯುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. "ರಿಪೇರಿ ಮಾಡಬಹುದು" ಅಂತ ಬರೆದವರು ದಯವಿಟ್ಟು ಒಂದು ಸಲ ಬಂದು ಆ ಸೈಕಲ್ ಮುಟ್ಟಿ ನೋಡಲಿ.

ಇನ್ನು ಅರ್ಧ ಸವಕಳಿ. ಮೋಟಾರ್ ಪಾಲಿಸಿಯ ಸವಕಳಿ ಪಟ್ಟಿ ಕಾರಿನವರು ತಮ್ಮ ಸ್ವಂತ ಕಾರಿನ ನಷ್ಟ ಕೇಳುವಾಗ ಲೆಕ್ಕಕ್ಕೆ ಬರುವಂಥದ್ದು. ಅದು ನಿಮ್ಮ ಮತ್ತು ಅವರ ನಡುವಿನ ಒಪ್ಪಂದ, ಅದಕ್ಕೆ ನಾನು ಸಹಿ ಹಾಕಿದವನಲ್ಲ. ಹೋಗಲಿ, ಆ ಪಟ್ಟಿಯನ್ನೇ ಹಿಡಿಯೋಣ. ಅದರಲ್ಲಿ 50 ಪರ್ಸೆಂಟ್ ಇರುವುದು ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು ಟ್ಯೂಬುಗಳಿಗೆ. ಲೋಹದ ಭಾಗಗಳಿಗೆ ವಯಸ್ಸು ನೋಡಿ ಕಳೆಯುತ್ತಾರೆ. 1 ವರ್ಷ ದಾಟಿ 2 ವರ್ಷ ಆಗದಿದ್ದರೆ 10 ಪರ್ಸೆಂಟ್. ಲೋಹಕ್ಕೆ 50 ಪರ್ಸೆಂಟ್ ಬರುವುದು ವಾಹನ 10 ವರ್ಷ ದಾಟಿದ ಮೇಲೆ. ಅಪಘಾತದ ದಿನ ನನ್ನ ಸೈಕಲ್ಲಿಗೆ ಒಂದು ವರ್ಷ ಐದು ತಿಂಗಳು.

ಹಳೆಯದಕ್ಕೆ ಹೊಸದು ಕೊಡಿ ಅಂತ ನಾನು ಹಟ ಹಿಡಿಯುತ್ತಿಲ್ಲ. 10 ಪರ್ಸೆಂಟ್ ಕಳೆಯಲು ನನ್ನ ಒಪ್ಪಿಗೆ ಇದೆ. ಬಿಡಿಭಾಗಗಳು 11,500, ಅದರಲ್ಲಿ 1,150 ಹೋದರೆ 10,350. ಕೂಲಿ ಸೇರಿ 11,250. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕುವಂತಿಲ್ಲ, ಹೊಸದಕ್ಕೆ 1,300. ಡ್ರೆಸ್ಸಿಂಗ್, ಟಿಟಿ ಇಂಜೆಕ್ಷನ್, ಮಾತ್ರೆ ಎಲ್ಲ 460.

ಉಳಿದದ್ದು ಆಟೋ ಖರ್ಚು. ಇದನ್ನು ನಿಮ್ಮ ಪತ್ರದಲ್ಲಿ ಪ್ರಸ್ತಾಪವನ್ನೇ ಮಾಡಿಲ್ಲ. ಜನವರಿ ನಮಗೆ ಕೊಯ್ಲಿನ ಕಾಲ. ರೊಬಸ್ಟಾ ಕಾಫಿ ಹಣ್ಣಾಗಿರುತ್ತದೆ, ಕೆಲಸದವರು ಬೆಳಿಗ್ಗೆಯೇ ಬಂದು ನಿಂತಿರುತ್ತಾರೆ. ಹಾಜರಿ ಬರೆಯುವವನೇ ತಡವಾದರೆ ಅವರ ಕೂಲಿಗೂ ತೊಂದರೆ. ಬಿದ್ದ ಮೇಲೆ ಎರಡು ದಿನ ಮನೆಯಲ್ಲಿದ್ದೆ, 21ರಿಂದ ಮಾರ್ಚ್ ಮಧ್ಯದವರೆಗೆ 48 ದಿನ ಬೆಳಿಗ್ಗೆ ಆಟೋದಲ್ಲಿ ಹೋದೆ. ದಿನಕ್ಕೆ 100 ರೂಪಾಯಿ, ಒಟ್ಟು 4,800. ಸಂಜೆ ಕೆಲಸದವರ ಜೀಪಿನಲ್ಲಿ ಬರುತ್ತಿದ್ದೆ, ಅದಕ್ಕೆ ದುಡ್ಡು ಕೇಳಿಲ್ಲ. ಆಟೋದವರು ಸಹಿ ಹಾಕಿದ ದಿನವಾರು ಪಟ್ಟಿ ಇದರ ಜೊತೆಗಿದೆ. ಕೊಯ್ಲು ಮುಗಿದ ಮೇಲೆ ನಡೆದೇ ಹೋಗುತ್ತಿದ್ದೇನೆ. ಎಲ್ಲ ಸೇರಿ 17,810 ರೂಪಾಯಿ ಆಗುತ್ತದೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ. ಕಾರಿನವರು ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಂಡು ಬರೆದುಕೊಟ್ಟಿದ್ದಾರೆ, ಅದನ್ನು ನಾವು ಒಪ್ಪುವುದಿಲ್ಲ ಅಂತ. ಪಾಲಿಸಿಯಲ್ಲಿ ಅಂಥ ಷರತ್ತು ಇರುವುದು ನನಗೆ ಈಗ ಗೊತ್ತಾಗಿದೆ. ಆದರೆ ಆ ಚೀಟಿ ಒಂದನ್ನೇ ನಾನು ಆಧಾರ ಮಾಡಿಕೊಂಡಿಲ್ಲ. ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ ಇದೆ, ಆಸ್ಪತ್ರೆ ಚೀಟಿ ಇದೆ, ಕಾರು ಮತ್ತು ಸೈಕಲ್ ರಸ್ತೆಯಲ್ಲಿ ನಿಂತಿದ್ದ ಹಾಗೆಯೇ ತೆಗೆದ ಫೋಟೋಗಳಿವೆ. ಕಾರು ನನ್ನ ಪಕ್ಕಕ್ಕೆ ಬಂದಿರುವುದು ಅದರಲ್ಲಿ ಕಾಣುತ್ತದೆ. ಒಳ್ಳೆ ಮನಸ್ಸಿನಿಂದ ನಿಜ ಬರೆದುಕೊಟ್ಟವರನ್ನು ಈಗ ನೀವು ಹೆದರಿಸುವುದು ನನಗೆ ತುಂಬಾ ನೋವು ತಂದಿದೆ.

ದಯವಿಟ್ಟು ಹೀಗೆ ಮಾಡಿ. ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ಇಂಥ ಪರಿಹಾರ ಇತ್ಯರ್ಥ ಮಾಡಲು ನೀವು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅವರು ಯಾರು ಅಂತ ನನಗೆ ಬರೆದು ತಿಳಿಸಿ. ಯಾರನ್ನಾದರೂ ಕಳಿಸಿ ಸೈಕಲ್ ನೋಡಿಸಿ. 17,810 ರೂಪಾಯಿ ಕೊಡಿ. ಕೊಡಲು ಆಗದಿದ್ದರೆ ಯಾವ ಮೊತ್ತ ಯಾಕೆ ಇಲ್ಲ ಅನ್ನುವುದನ್ನು ಫೋನಿನಲ್ಲಿ ಹೇಳದೆ ಪತ್ರದಲ್ಲಿ ಬರೆಯಿರಿ. 2,950ರ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿಲ್ಲ, ಅದನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಪಘಾತ ನಡೆದ 6 ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ ಈಗ ಕಾನೂನಿದೆ. ನನ್ನ ಲೆಕ್ಕದಲ್ಲಿ ಅದು ಜುಲೈ 18. ಸುಮ್ನೆ ಕಾಯುತ್ತಾ ಕೂತರೆ ಆ ದಿನವೂ ದಾಟಿ ಹೋಗುತ್ತದೆ. ಆದ್ದರಿಂದ ಮೇ 7ರವರೆಗೆ ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಬರದಿದ್ದರೆ ಮಡಿಕೇರಿಯಲ್ಲಿ ಅರ್ಜಿ ಹಾಕುತ್ತೇನೆ. ಒಂದು ದಿನದ ಕೆಲಸ ಬಿಟ್ಟು ಕೋರ್ಟಿಗೆ ಅಲೆಯಲು ನನಗೆ ಇಷ್ಟವಿಲ್ಲ, ಆದರೂ ಹೋಗುತ್ತೇನೆ.

ಸೈಕಲ್ ತೋಟದ ಗೋಡೌನಿನಲ್ಲಿ, ಕಾಫಿ ಮೂಟೆಗಳ ಪಕ್ಕದಲ್ಲಿ, ಬಿದ್ದ ದಿನ ಹೇಗಿತ್ತೋ ಹಾಗೇ ಇದೆ. ಒಂದು ಬೋಲ್ಟ್ ಕೂಡ ಬಿಚ್ಚಿಲ್ಲ. ಭಾನುವಾರ ಬಿಟ್ಟು ಯಾವ ದಿನ ಬೇಕಾದರೂ ಸಂಜೆ 4.30ರ ಮೇಲೆ ಬನ್ನಿ. ಹಿಂದಿನ ದಿನ ಒಂದು ಫೋನ್ ಮಾಡಿದರೆ ಸಾಕು, ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ತೋಟದ ರೈಟರ್, ಸುಂಟಿಕೊಪ್ಪ