ಬೇಡ ಅನ್ನಲಾಗದ ಹೆದರಿಕೆ

ಮಲ್ಲೇಶ್ವರ, ಬೆಂಗಳೂರು

ಚಿ. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ಗೆಳೆಯರು ಮನೆ ಬಾಡಿಗೆ ಕಟ್ಟಿ ಆಗಾಗ ಬಂದು ಹೋಗುವುದು, ಮದುವೆಯ ಮಾತಿಲ್ಲದಿರುವುದು, ನಿನ್ನ ಪತ್ರದಲ್ಲಿ ಅದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಕೊನೆಗೆ ಬರೆದೆಯಲ್ಲ, ‘ಒಂದೊಂದು ದಿನ ಅವರು ಬರೋದು ಬೇಡ ಅನ್ಸುತ್ತೆ, ಬಾಡಿಗೆ ಕಟ್ಟೋರಿಗೆ ಹೇಗೆ ಹೇಳಲಿ’ ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಇಬ್ಬರೂ ವಯಸ್ಸಿಗೆ ಬಂದವರು, ತಿಳಿದೇ ಒಪ್ಪಿಕೊಂಡಿದ್ದೀರಿ. ಜನ ಏನಂದಾರು ಅನ್ನುವ ಚಿಂತೆ ನನಗಿಲ್ಲ. ನಿನ್ನ ಬಾಯಿ ಕಟ್ಟಿಹೋಗುತ್ತಿದೆಯಲ್ಲ, ಅದೊಂದೇ ಚಿಂತೆ.

ಇದು ನಿನ್ನಂಥ ಸಂಬಂಧದಲ್ಲಿ ಮಾತ್ರ ಇರುವುದು ಅಂದುಕೊಳ್ಳಬೇಡ. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ನಾನೂ ಸಂಬಳ ಎಣಿಸಿಕೊಂಡವಳು. ಮದುವೆಯಾದ ಮೇಲೆ ಮನೆಯವರ ಇಷ್ಟಕ್ಕೆ ಕೆಲಸ ಬಿಟ್ಟೆ. ಆಮೇಲೆ ಬಸ್ ಚಾರ್ಜಿಗೂ ಕೈಯೊಡ್ಡಬೇಕು. ನಿಮ್ಮ ಚಿಕ್ಕಪ್ಪ ಕೆಟ್ಟವರಲ್ಲ, ಎಂದೂ ಇಲ್ಲ ಅಂದವರಲ್ಲ. ಆದರೂ ಜ್ವರ ಬಂದ ರಾತ್ರಿಯೂ ಬೇಡ ಅನ್ನಲು ನಾಲಿಗೆ ಏಳುತ್ತಿರಲಿಲ್ಲ; ಉಂಡ ಅನ್ನದ ಹಂಗು ಅಡ್ಡ ಬರುತ್ತಿತ್ತು. ನಿನ್ನ ಅಮ್ಮನಿಗೂ ಹೇಳಿಲ್ಲ ಇದನ್ನ. ಆ ಕೆಲಸವೊಂದು ಉಳಿದಿದ್ದರೆ ಅಂತ ಈಗಲೂ ಹೊಟ್ಟೆ ಹಿಂಡುತ್ತದೆ.

ನನಗಾದರೂ ತಾಳಿ ಇತ್ತು, ಕಾನೂನು ಜೊತೆಗಿತ್ತು. ನಿನಗೆ ಅದೂ ಗಟ್ಟಿಯಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧವನ್ನೂ ಒಪ್ಪುತ್ತದೆ, ನಿಜ. ಆದರೆ ವಾರಾಂತ್ಯ ಜೊತೆಗೆ ಕಳೆದರೆ ಸಾಲದು, ಒಂದೇ ಸೂರಿನಡಿ ಗಂಡ ಹೆಂಡತಿಯಂತೆ ಬಾಳಿರಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಬಿಟ್ಟಿದೆ. ಹಣ ಕೊಟ್ಟು ನೋಡಿಕೊಂಡ ಮಾತ್ರಕ್ಕೆ ಅದು ಮದುವೆಯಂಥದ್ದಾಗುವುದಿಲ್ಲವಂತೆ. ನಾಳೆ ಅವರು ಕೈಬಿಟ್ಟರೆ ಜೀವನಾಂಶ ಸಿಕ್ಕೀತು ಅಂತ ನಂಬಿ ಕೂರಬೇಡ.

ಹೇಳಬಾರದೇನೋ, ದುಡ್ಡಿನ ಮಾತು. ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ? ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದರೆ, ಮನೆ ಬಿಡುವಾಗ ಅದು ಯಾರ ಕೈಗೆ ಬರುತ್ತದೆ? ನಿನ್ನ ಸಂಪಾದನೆ ಎಷ್ಟೇ ಸಣ್ಣದಿರಲಿ, ಬಿಡಬೇಡ. ಪೋಸ್ಟ್ ಆಫೀಸಿನಲ್ಲಿ ನಿನ್ನ ಹೆಸರಿಗೊಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ, ಇಟ್ಟರೆ ಒಳ್ಳೆಯದು. ಇಷ್ಟೆಲ್ಲ ನಿನಗೆ ಗೊತ್ತಿಲ್ಲವೆಂದಲ್ಲ. ಎರಡು ಮೂರು ತಿಂಗಳ ಬಾಡಿಗೆ ನಿನ್ನದೇ ಕೈಯಲ್ಲಿದ್ದರೆ ಬೇಡ ಅನ್ನುವಾಗ ಗಂಟಲು ಅಷ್ಟೊಂದು ಒಣಗಲಿಕ್ಕಿಲ್ಲ ಅಂತ ನನ್ನ ಆಸೆ.

ಒಮ್ಮೆ ಹೇಳಿ ನೋಡು, ಪುಟ್ಟಿ. ‘ಇವತ್ತು ಬೇಡ’ ಅಂತ ಅಷ್ಟೇ, ಕಾರಣ ಕೊಡಬೇಡ. ಒಳ್ಳೆಯವರಾದರೆ ‘ಸರಿ’ ಅಂತಾರೆ. ಬಾಡಿಗೆಯ ಮಾತೆತ್ತಿದರೆ ಅಲ್ಲಿಗೆ ತಿಳಿದುಕೋ. ಹೆದರಿಸಿದರೆ, ಕೈ ಮಾಡಿದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಎಷ್ಟು ಹೊತ್ತಾದರೂ ಸರಿ.

ಭಾನುವಾರ ಊಟಕ್ಕೆ ಬಾ, ಕರಾರು ಪತ್ರವನ್ನೂ ತಗೊಂಡು ಬಾ. ಇಬ್ಬರೂ ಕೂತು ಓದೋಣ.

ಇತಿ,
ನಿನ್ನ ಚಿಕ್ಕಮ್ಮ